ಮೌಲ್ಯಮಾಪನ, ಮೌಲ್ಯಾಂಕನ, ಮೌಲ್ಯನಿರ್ಣಯ: ಪಾಠದ ನಡುವೆ ನೋಡುವುದಕ್ಕೆ ಯಾವ ಪದ?

ಬಳಗದ ಎಲ್ಲರಿಗೂ ನಮಸ್ಕಾರ.

ನಾವು ಐದಾರು ಮಂದಿ ಮೇಷ್ಟ್ರುಗಳು ಸೇರಿ ನಾಲ್ಕನೇ ತರಗತಿಯ ಪರಿಸರ ಅಧ್ಯಯನದ ಶಿಕ್ಷಕರ ಕೈಪಿಡಿಯನ್ನು ಪರಿಷ್ಕರಿಸುತ್ತಿದ್ದೇವೆ. ಯಾವ ಪಾಠ ಉಳಿಯಬೇಕು, ಯಾವುದು ಹಿಂದುಮುಂದಾಗಬೇಕು ಎಂಬುದು ಎರಡು ಸಭೆಗಳಲ್ಲಿ ತೀರ್ಮಾನವಾಯಿತು. ಮಕ್ಕಳು ಕಲಿತದ್ದನ್ನು ಹೇಗೆ ನೋಡಬೇಕು ಎಂಬ ಅಧ್ಯಾಯದಲ್ಲಿ ಮಾತ್ರ ಪದವೇ ಸಿಗದೆ ನಿಂತಿದ್ದೇವೆ.

ಇಂಗ್ಲಿಷಿನ ವ್ಯಾಲ್ಯುಯೇಷನ್, ಇವ್ಯಾಲ್ಯುಯೇಷನ್, ಅಸೆಸ್‌ಮೆಂಟ್ ಮೂರಕ್ಕೂ ನಮ್ಮಲ್ಲಿ ಮೌಲ್ಯಮಾಪನ ಎಂದೇ ರೂಢಿ. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದುವ ಜಾಗ ಮೌಲ್ಯಮಾಪನ ಕೇಂದ್ರ. 2009ರ ಶಿಕ್ಷಣ ಹಕ್ಕು ಕಾಯ್ದೆ ಕೇಳಿದ್ದೂ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ. ಮೊದಲನೆಯದು ಮಗುವಿನ ಮುಖ ನೋಡದೆ ಅಂಕ ಹಾಕುವ ಕೆಲಸ, ಎರಡನೆಯದು ವರ್ಷವಿಡೀ ಮಗುವಿನ ಪಕ್ಕದಲ್ಲಿ ಕೂತು ಮಾಡಬೇಕಾದದ್ದು. ಎರಡಕ್ಕೂ ಒಂದೇ ಹೆಸರಾದ್ದರಿಂದ ಎರಡನೆಯದೂ ಅಂಕಪಟ್ಟಿ ತುಂಬುವ ಕೆಲಸವಾಗಿಬಿಟ್ಟಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಈಚೆಗೆ ಇನ್ನೆರಡು ಪದ ಸೇರಿವೆ. 2023ರಲ್ಲಿ ಐದು, ಎಂಟನೇ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆ ಬಂದಾಗ ಪತ್ರಿಕೆಗಳ ತುಂಬ ‘ಮೌಲ್ಯಾಂಕನ’. ಹಳೆಯ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಈಗ ‘ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ’. ಮಾಪನ ಅಳೆಯುವುದು, ಅಂಕನ ಗುರುತು ಹಾಕುವುದು, ನಿರ್ಣಯ ತೀರ್ಮಾನ. ಮೂರರಲ್ಲೂ ‘ಮೌಲ್ಯ’ ಕೂತಿದೆ, ಅಂದರೆ ಬೆಲೆ ಕಟ್ಟುವ ಮಾತು. ಹಿಂದಿಯವರು ಮೂಲ್ಯಾಂಕನದ ಜೊತೆಗೆ ಅಸೆಸ್‌ಮೆಂಟಿಗೆಂದು ‘ಆಕಲನ’ ಇಟ್ಟುಕೊಂಡಿದ್ದಾರೆ. ಕನ್ನಡಕ್ಕೆ ಅದನ್ನು ತಂದರೆ ಸಂಕಲನ, ವ್ಯವಕಲನಗಳ ಸಾಲಿಗೆ ಸೇರಿ ಮಕ್ಕಳಿಗೆ ಲೆಕ್ಕದ ಮಾತಾಗಿ ಕೇಳಿಸುತ್ತದೆ.

ಆ ತೊಡಕು ಈಗಲೂ ಇದೆ. ಎಸ್‌ಎ (ಸಮ್ಮೇಟಿವ್ ಅಸೆಸ್‌ಮೆಂಟ್, ಅವಧಿಯ ಕೊನೆಗೆ ನಡೆಸುವ ಪರೀಕ್ಷೆ) ಅನ್ನು ‘ಸಂಕಲನಾತ್ಮಕ ಮೌಲ್ಯಮಾಪನ’ ಎನ್ನುತ್ತೇವಲ್ಲ, ಬೋರ್ಡಿನ ಮೇಲೆ ಅದರ ವೇಳಾಪಟ್ಟಿ ಬರೆದಾಗ ನನ್ನ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಬರೀ ಕೂಡೋ ಲೆಕ್ಕಾನೇ ಬರುತ್ತಾ?” ಎಂದು ಕೇಳಿದಳು. ಅವಳ ಓದು ಸರಿಯಾಗಿಯೇ ಇತ್ತು. ಗಣಿತದ ಪುಸ್ತಕದಲ್ಲಿ ಸಂಕಲನ ಅಂದರೆ ಕೂಡುವುದು ತಾನೆ. ಎಫ್‌ಎಗೆ (ಫಾರ್ಮೇಟಿವ್ ಅಸೆಸ್‌ಮೆಂಟ್, ಕಲಿಕೆ ನಡೆಯುತ್ತಿರುವಾಗಲೇ ನೋಡುವುದು) ಇಟ್ಟಿರುವ ‘ರೂಪಣಾತ್ಮಕ’ ಅಂತೂ ಶಿಕ್ಷಕರ ಬಾಯಲ್ಲೂ ನಿಂತಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಎಫ್‌ಎ ಎಂದೇ ಅನ್ನುವುದು.

ನನ್ನ ಸೂಚನೆ ‘ಹದ ನೋಡುವುದು’. ನಮ್ಮ ಮಂಡ್ಯ ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ಒಂದಿಷ್ಟು ಪಾಕ ತೆಗೆದು ತಣ್ಣೀರಿಗೆ ಬಿಡುತ್ತಾರೆ. ಬೆರಳಿಗೆ ಉಂಡೆ ಕಟ್ಟಿದರೆ ಇಳಿಸುತ್ತಾರೆ, ಕಟ್ಟದಿದ್ದರೆ ಇನ್ನಷ್ಟು ಕಾಯಿಸುತ್ತಾರೆ. ಮುಂದೇನು ಮಾಡಬೇಕು ಎಂದು ತಿಳಿಯುವುದಕ್ಕಾಗಿಯೇ ಆ ನೋಟ. ನಕ್ಷೆಯ ಪಾಠದ ನಡುವೆ ಮಕ್ಕಳಿಂದ ಶಾಲೆಯ ಅಂಗಳವನ್ನು ಬರೆಸುತ್ತೇನೆ. ಅರ್ಧದಷ್ಟು ಮಕ್ಕಳು ಉತ್ತರವನ್ನೂ ದಕ್ಷಿಣವನ್ನೂ ಅದಲುಬದಲು ಮಾಡಿದ್ದರೆ, ಮರುದಿನ ಬೆಳಿಗ್ಗೆ ಎಲ್ಲರನ್ನೂ ಅಂಗಳಕ್ಕೆ ಕರೆದು ಸೂರ್ಯನಿಗೆ ಮುಖ ಮಾಡಿ ನಿಲ್ಲಿಸಿ ಮತ್ತೆ ಹೇಳಿಕೊಡುತ್ತೇನೆ. ಇಲ್ಲಿ ಯಾವ ಬೆಲೆ ಕಟ್ಟಿದ್ದೂ ಇಲ್ಲ.

ಜೊತೆಯವರೊಬ್ಬರ ಆಕ್ಷೇಪ: ಇದು ಆಡುಮಾತು, ಸುತ್ತೋಲೆಯಲ್ಲಿ ನಿಲ್ಲದು. ಆದರೆ ಹಳಗನ್ನಡದ ‘ಪದ’ವೇ ಹೊಸಗನ್ನಡದಲ್ಲಿ ‘ಹದ’ವಾಗಿದೆ, ತಮಿಳರು ಇಂದಿಗೂ ಪಾಕಕ್ಕೆ ‘ಪದಂ’ ನೋಡುತ್ತಾರೆ. ಇಷ್ಟು ಹಳೆಯ ಪದ ಸುತ್ತೋಲೆಗೆ ಯಾಕೆ ಹಗುರವಾಗಬೇಕೋ ನನಗೆ ತಿಳಿಯದು. ತೊಡಕಿರುವುದು ವ್ಯಾಕರಣದಲ್ಲಿ. ಕ್ರಿಯೆಯಾಗಿ ಸಲೀಸು, ಶೀರ್ಷಿಕೆಗೆ ನಾಮಪದ ಬೇಕು. ‘ಹದನೋಟ’ ಕಿವಿಗೆ ಹೊಂದುತ್ತದೆಯೇ, ‘ಕಲಿಕೆಯ ಹದ’ ಸಾಕೇ?

ಧಾರವಾಡ, ಕಲಬುರಗಿ, ಕರಾವಳಿ ಕಡೆಯ ಶಿಕ್ಷಕರು ದಯವಿಟ್ಟು ತಿಳಿಸಿ: ಪಾಠದ ನಡುವೆ ಮಕ್ಕಳಿಗೆ ಎಷ್ಟು ಹತ್ತಿದೆ ಎಂದು ನೋಡುವುದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ? ಕರಡು ತಿಂಗಳ ಕೊನೆಗೆ ಅಚ್ಚಿಗೆ ಹೋಗಬೇಕು.