ಮಸ್ಕತ್ತಿನ ನೀರು, ಅಮ್ಮನ ಲೆಕ್ಕ

ದೊಡ್ಡಮ್ಮ, ಮಗನನ್ನು ಮಲಗಿಸಿ ಈಗಷ್ಟೇ ಕುಳಿತೆ. ಸ್ವಲ್ಪ ಉದ್ದವಾದೀತು, ಬಿಡುವಾದಾಗ ಕೇಳಿ. ಅವನನ್ನು ತೋಟದ ಕೆರೆಗೆ ಇಳಿಸಲು ನಾನು ಒಪ್ಪಲಿಲ್ಲವೆಂದು "ಮರುಭೂಮಿಯಲ್ಲಿ ಬೆಳೆದವಳಿಗೆ ನೀರಿನ ಭಯ ಎಲ್ಲಿಂದ ಬಂತು?" ಎಂದು ನಿನ್ನೆ ಇಲ್ಲಿ ಕೇಳಿದ್ದಿರಿ.

ಅಲ್ಲಿ ನೀರು ನನ್ನನ್ನು ಮೊದಲು ಬೆಚ್ಚಿಬೀಳಿಸಿದ್ದು ಬಚ್ಚಲುಮನೆಯಲ್ಲೇ. ಮಸ್ಕತ್ತಿಗೆ ಹೋದ ಮೊದಲ ಬೇಸಿಗೆಯಲ್ಲಿ, ತಾರಸಿಯ ಟಾಂಕಿಯ ನೀರು ಬಿಸಿಲಿಗೆ ಎಷ್ಟು ಕಾದಿರುತ್ತದೆಂದು ತಿಳಿಯದೆ, ತಣ್ಣೀರಿನ ನಲ್ಲಿ ತಿರುಗಿಸಿ ತಲೆಯೊಡ್ಡಿ ಕಿರುಚಿಕೊಂಡಿದ್ದೆ. ಗೀಸರ್ ಆರಿಸಿಟ್ಟರೆ ಅದರೊಳಗೆ ನಿಂತ ನೀರು ತಣಿಯುತ್ತದೆ, ಸ್ನಾನಕ್ಕೆ ಬಿಸಿನೀರಿನ ನಲ್ಲಿಯನ್ನೇ ತಿರುಗಿಸಬೇಕು ಎಂದು ಪಕ್ಕದ ಮನೆಯ ಮಲಯಾಳಿ ಆಂಟಿ ಆಮೇಲೆ ಹೇಳಿಕೊಟ್ಟರು. ರಜೆಗೆ ಊರಿಗೆ ಬಂದಾಗ ನಲ್ಲಿಗಳನ್ನು ಅದಲುಬದಲು ತಿರುಗಿಸಿ ನಿಮ್ಮಿಂದ ಬೈಸಿಕೊಂಡದ್ದು ಅದೇ ಅಭ್ಯಾಸದಿಂದ.

ಆದರೆ ಭಯ ಹುಟ್ಟಿದ್ದು ವಾದಿಯಲ್ಲಿ. ವಾದಿ ಎಂದರೆ ಬೆಟ್ಟಗಳ ನಡುವಿನ ಒಣ ಹೊಳೆ. ವರ್ಷದ ಬಹುಪಾಲು ಅಲ್ಲಿ ಉರುಟು ಕಲ್ಲು, ಆಡಿನ ಹಿಂಡು, ಅಲ್ಲೊಂದು ಇಲ್ಲೊಂದು ಖರ್ಜೂರದ ಮರ, ಅಷ್ಟೇ. ಒಂದು ಶುಕ್ರವಾರ ಮೂರು ಮನೆಯವರು ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆವು. ನೆತ್ತಿಯ ಮೇಲೆ ಒಂದು ಮೋಡವೂ ಇರಲಿಲ್ಲ. ದೂರದ ಬೆಟ್ಟದ ತುದಿ ಮಾತ್ರ ಕಪ್ಪಾಗಿತ್ತು. ಆಡು ಮೇಯಿಸುತ್ತಿದ್ದ ಒಮಾನಿ ಅಜ್ಜರೊಬ್ಬರು ಕೈ ಬೀಸುತ್ತ "ವಾದಿ, ವಾದಿ" ಎಂದು ಕೂಗಿದರು. ನಾವು ಕುಳಿತಿರುವುದೇ ವಾದಿಯಲ್ಲಲ್ಲವೇ ಎಂದು ಅಮ್ಮ ನಕ್ಕಳು. ಅಲ್ಲಿಯವರು ನೆರೆಗೂ ಅದೇ ಹೆಸರು ಹೇಳುತ್ತಾರೆಂದು ನಮಗೆ ಹೇಗೆ ಗೊತ್ತಾಗಬೇಕು? ಅಜ್ಜ ಓಡಿ ಬಂದು ನನ್ನ ತಮ್ಮನನ್ನು ಎತ್ತಿಕೊಂಡು ದಂಡೆ ಹತ್ತಿದ ಮೇಲೆಯೇ ನಾವೂ ಎದ್ದು ಹಿಂದೆ ಓಡಿದ್ದು. ಸ್ವಲ್ಪ ಹೊತ್ತಿಗೆ ಕೆಸರು ಬಣ್ಣದ ನೀರು ಕಲ್ಲುಗಳನ್ನು ಉರುಳಿಸುತ್ತ ಬಂದು ಚಾಪೆ, ಡಬ್ಬಿ, ನನ್ನ ಒಂದು ಚಪ್ಪಲಿ ಎಲ್ಲವನ್ನೂ ಎಳೆದುಕೊಂಡು ಹೋಯಿತು.

ಅಮ್ಮ ನಿಮ್ಮೊಡನೆ ಸ್ವರ್ಣಾ ಹೊಳೆಯಲ್ಲಿ ಈಜಿ ಬೆಳೆದವಳು. ಅವಳ ಲೆಕ್ಕದಲ್ಲಿ ನೆರೆ ಬರಬೇಕಾದರೆ ಮೊದಲು ನಮ್ಮ ತಲೆಯ ಮೇಲೆ ದಿನಗಟ್ಟಲೆ ಮಳೆ ಹೊಯ್ಯಬೇಕು. ವರ್ಷಕ್ಕೆ ಸುಮಾರು 100 ಮಿ.ಮೀ. ಮಳೆ ಕಾಣುವ ಆ ಸೀಮೆಯ ಬೋಳು ಬೆಟ್ಟಗಳು ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಎಲ್ಲೋ ಬಿದ್ದದ್ದು ಎಲ್ಲಿಗೋ ಒಮ್ಮೆಲೇ ಇಳಿಯುತ್ತದೆ ಎಂಬುದು ಅವಳಿಗೆ ಅಂದು ತಿಳಿಯಿತು. ಮನೆಗೆ ಬರುವವರೆಗೆ ಕಾರಿನಲ್ಲಿ ಅವಳು ಒಂದು ಮಾತನ್ನೂ ಆಡಲಿಲ್ಲ.

2007ರ ಜೂನ್‌ನಲ್ಲಿ ಗೋನು ಚಂಡಮಾರುತ ಬಂದದ್ದು ನಿಮಗೂ ನೆನಪಿರಬಹುದು. ಬೀದಿಯಲ್ಲಿ ಕಾರುಗಳು ತೇಲುವಷ್ಟು ನೀರು, ನಲ್ಲಿಯಲ್ಲಿ ಮಾತ್ರ ತೊಟ್ಟೂ ಇಲ್ಲ. ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರಗಳೇ ನಿಂತುಹೋಗಿದ್ದವು. ಟ್ಯಾಂಕರಿನ ಮುಂದೆ ಬಕೆಟ್ ಹಿಡಿದು ನಿಂತಾಗ ಅಮ್ಮ ಊರಿನ ಬಾವಿಯನ್ನು ನೆನೆದು ಅತ್ತಳು.

ಶನಿವಾರ ಮಗನನ್ನು ಕರೆದುಕೊಂಡು ಬರುತ್ತೇನೆ. ಅಮ್ಮನಿಗೆ ಈಜು ಕಲಿಸುವಾಗ ಸೊಂಟಕ್ಕೆ ಕಟ್ಟಿದಂಥ ಎರಡು ಒಣ ತೆಂಗಿನಕಾಯಿ ತೆಗೆದಿಡಿ. ನಾನು ಮೆಟ್ಟಿಲ ಮೇಲೆ ಕುಳಿತಿರುತ್ತೇನೆ. ಬೆಟ್ಟದ ಕಡೆ ನೋಡುತ್ತಿದ್ದರೆ ನಗಬೇಡಿ.