ಅಪ್‌ಡೇಟ್: ಕಾಲೇಜು ಪ್ರಬಂಧ ಎಲ್ಲಿಂದ ಶುರು ಮಾಡುವುದು ಅಂತ ಕೇಳಿದ್ದೆನಲ್ಲ

ಅಕಾಡೆಮಿಕ್ ಪ್ರಬಂಧದ ಬಗ್ಗೆ ಕೇಳಿದ್ದಕ್ಕೆ ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಮೊದಲ ಪ್ರಬಂಧ ಸಲ್ಲಿಸಿ ಆಯಿತು.

ಜಾಸ್ತಿ ಕೆಲಸಕ್ಕೆ ಬಂದದ್ದು, ವಾದವನ್ನು ಮೊದಲು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ ಅನ್ನುವ ಸಲಹೆ. 'ಫೋನ್ ಮತ್ತು ವಿದ್ಯಾರ್ಥಿಗಳು' ಅನ್ನುವುದು ಬರೀ ವಿಷಯ. 'ತರಗತಿಯಲ್ಲಿ ಫೋನ್ ಪೂರ್ತಿ ನಿಷೇಧಿಸುವುದಕ್ಕಿಂತ ಬಳಕೆಗೆ ಸಮಯ ಗೊತ್ತುಮಾಡುವುದು ಮೇಲು' ಅಂದರೆ ವಾದ. ಇದನ್ನು ಒಪ್ಪದವರೂ ಇರಬಹುದು, ಅದೇ ವಾದದ ಗುರುತು. ಆ ವಾಕ್ಯ ಸಿಕ್ಕ ಮೇಲೆ ಯಾವ ಪ್ಯಾರಾ ಬೇಕು, ಯಾವುದು ಬೇಡ ಅಂತ ತಾನಾಗಿ ಗೊತ್ತಾಯಿತು. ಕರಡು ಮುಗಿದ ಮೇಲೆ ಪ್ರತಿ ಪ್ಯಾರಾದ ಮೊದಲ ವಾಕ್ಯ ಮಾತ್ರ ಓದುತ್ತಾ ಹೋದೆ. ಅಷ್ಟರಲ್ಲೇ ವಾದ ಅರ್ಥ ಆಗಬೇಕು. ಸುಮ್ನೆ ಜಾಗ ತುಂಬಿಸುತ್ತಿದ್ದ ಪ್ಯಾರಾಗಳನ್ನು ಕಿತ್ತುಹಾಕಿದೆ. ಪೀಠಿಕೆ ಕೊನೆಗೆ ಬರೆದೆ.

ವಿಚಾರ ಯಾವ ಪುಸ್ತಕ, ಲೇಖನದಿಂದ ತಗೊಂಡದ್ದು ಅಂತ ತೋರಿಸುವುದಕ್ಕೆ ನಮ್ಮ ವಿಭಾಗಕ್ಕೆ ಎಂಎಲ್‌ಎ (MLA) ಅನ್ನುವ ಶೈಲಿ ಬೇಕಂತೆ. ಅದರಲ್ಲಿ ಆವರಣದೊಳಗೆ ಲೇಖಕರ ಹೆಸರು, ಪುಟ ಸಂಖ್ಯೆ. ಎಪಿಎ (APA) ಅನ್ನುವ ಇನ್ನೊಂದು ಶೈಲಿ ಆದರೆ ಹೆಸರು, ವರ್ಷ. ಬೇರೆಯವರ ವಿಚಾರವನ್ನು ನಮ್ಮ ಮಾತಿನಲ್ಲಿ ಬರೆದರೂ ಮೂಲ ಹೇಳಲೇಬೇಕು. ಬೇಜಾರಿನ ಕೆಲಸ, ಅಲ್ವಾ?

ಎದುರು ವಾದಕ್ಕೆ ಎಷ್ಟು ಜಾಗ ಕೊಡಬೇಕು ಅನ್ನುವುದು ಇನ್ನೂ ಬಗೆಹರಿದಿಲ್ಲ. ಮುಂದಿನ ಪ್ರಬಂಧಕ್ಕೆ ಮೊದಲು ಮೇಷ್ಟ್ರನ್ನೇ ಕೇಳುತ್ತೇನೆ.