ಶಾಲೆಯಿಂದ ಪಿಟಿಎ ಫಾರ್ಮ್ ಬಂದಿದೆ, ರೊಕ್ಕ ಕಟ್ಟಲೇಬೇಕಾ?

ಬೆಳಗಾವಿ ತಿಳಕವಾಡಿಯವರು, ಈಗ ಡಲ್ಲಾಸ್ ಹತ್ತಿರ

ಎಲ್ಲರಿಗೂ ನಮಸ್ಕಾರ. ನಾವು ಇಲ್ಲಿಗೆ ಬಂದು ನಾಲ್ಕು ತಿಂಗಳಾಯಿತು. ಮಗ ಎರಡನೇ ತರಗತಿ, ಮಗಳು ಕಿಂಡರ್‌ಗಾರ್ಟನ್. ಇಬ್ಬರೂ ಮನೆ ಹತ್ತಿರದ ಸರ್ಕಾರಿ ಶಾಲೆಗೆ ಹೋಗುತ್ತಾರೆ. ನಿನ್ನೆ ಇಬ್ಬರ ಚೀಲದಲ್ಲೂ ಒಂದೊಂದು ಹಳದಿ ಹಾಳೆ ಬಂದಿದೆ. ಪಿಟಿಎ, ಅಂದರೆ ಪೋಷಕರ ಮತ್ತು ಟೀಚರುಗಳ ಸಂಘದ ಸದಸ್ಯತ್ವ ಒಬ್ಬರಿಗೆ 12 ಡಾಲರ್. ಅದರ ಕೆಳಗೆ ಇನ್ನೊಂದು ಸಾಲು: ಒಂದು ಮಗುವಿಗೆ 150 ಡಾಲರ್ ಕೊಟ್ಟರೆ ಶಾಲೆಗೆ ಸಹಾಯವಾಗುತ್ತದೆ ಅಂತ.

ಲೆಕ್ಕ ಹಾಕಿದೆ. ನಾವಿಬ್ಬರೂ ಸೇರಿ, ಇಬ್ಬರು ಮಕ್ಕಳಿಗೂ ಕೊಟ್ಟರೆ 324 ಡಾಲರ್. ನನ್ನದು ಎಚ್-4 ವೀಸಾ (ಕೆಲಸಕ್ಕೆ ಬಂದವರ ಮನೆಯವರಿಗೆ ಕೊಡುವುದು), ನನಗೆ ಸಂಬಳ ಇಲ್ಲ. ಮನೆಯವರದೊಂದೇ ಸಂಬಳದಲ್ಲಿ ಬಾಡಿಗೆ, ಕಾರಿನ ಸಾಲ, ಊರಿಗೆ ಕಳಿಸುವುದು ಎಲ್ಲ ಆಗಬೇಕು.

ಕೊಡದಿದ್ದರೆ ಬಿಡಬಹುದು ಅಂದುಕೊಂಡಿದ್ದೆ. ಆದರೆ ಮಗ ಒಂದು ಮಾತು ಹೇಳಿದ. ಕ್ಲಾಸಿನ ಬಾಗಿಲಿಗೆ ಒಂದು ಚಾರ್ಟ್ ಹಾಕಿದ್ದಾರಂತೆ. ಯಾರ ಮನೆಯವರು ಸೇರಿದರೋ ಅವರ ಹೆಸರಿಗೆ ಒಂದು ನಕ್ಷತ್ರ. ಎಲ್ಲರ ಮನೆಯವರೂ ಸೇರಿದ ಕ್ಲಾಸಿಗೆ ಐಸ್‌ಕ್ಯಾಂಡಿ ಪಾರ್ಟಿ. "ಅವ್ವ, ನಮ್ಮಿಂದ ಎಲ್ಲರಿಗೂ ಪಾರ್ಟಿ ತಪ್ಪುತ್ತದಾ?" ಅಂತ ಕೇಳಿದ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಇದನ್ನು ಕಟ್ಟಲೇಬೇಕಾ? ಕಟ್ಟದಿದ್ದರೆ ಮಕ್ಕಳನ್ನು ಬೇರೆ ಥರ ನೋಡುತ್ತಾರಾ? ಒಬ್ಬರು ಸೇರಿದರೆ ಎರಡೂ ಮಕ್ಕಳಿಗೆ ನಡೆಯುತ್ತದಾ? ಗೊತ್ತಿದ್ದವರು ಹೇಳಿ.

ಇಳಕಲ್‌ನವರು, ನ್ಯೂಜೆರ್ಸಿ

ತಂಗಿ, ಮೊದಲು ನೆಮ್ಮದಿಯಾಗಿರಿ. ಆ ಹಾಳೆಯಲ್ಲಿ ಎರಡು ಬೇರೆ ಬೇರೆ ವಿಷಯ ಇವೆ. 12 ಡಾಲರ್ ಸದಸ್ಯತ್ವದ್ದು. 150 ಡಾಲರ್ ದೇಣಿಗೆ. ಎರಡೂ ಕಡ್ಡಾಯ ಅಲ್ಲ. ಸರ್ಕಾರಿ ಶಾಲೆಯಲ್ಲಿ ನೀವು ಪಿಟಿಎ ಸೇರಲಿಲ್ಲ ಅಂತ ಮಗುವಿನ ಓದಿಗೆ ಏನೂ ಆಗುವುದಿಲ್ಲ. ಟೀಚರನ್ನು ಭೇಟಿ ಮಾಡುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದು ನಿಮ್ಮ ಹಕ್ಕು, ಫೀ ಇಲ್ಲ.

ಸದಸ್ಯತ್ವ ಮನೆಗಲ್ಲ, ಒಬ್ಬೊಬ್ಬರಿಗೆ. ಅದಕ್ಕೇ ಗಂಡ ಹೆಂಡತಿಗೆ ಬೇರೆ ಬೇರೆ ಕೇಳುತ್ತಾರೆ. ಎಷ್ಟು ಅಂತ ಆಯಾ ಶಾಲೆಯ ಪಿಟಿಎ ತಾನೇ ನಿಗದಿ ಮಾಡುತ್ತದೆ. ಅದರಲ್ಲಿ ಒಂದು ಪಾಲು ರಾಜ್ಯದ ಪಿಟಿಎಗೆ, ಒಂದು ಪಾಲು ರಾಷ್ಟ್ರೀಯ ಪಿಟಿಎಗೆ ಹೋಗುತ್ತದೆ. ಕೆಲವು ಶಾಲೆಗಳಲ್ಲಿ ಪಿಟಿಒ ಅಂತ ಇರುತ್ತದೆ. ಅದು ಆ ಶಾಲೆಯದ್ದೇ ಗುಂಪು, ಮೇಲೆ ಯಾರಿಗೂ ಪಾಲು ಕೊಡುವುದಿಲ್ಲ, ಬಹಳ ಕಡೆ ಸದಸ್ಯತ್ವಕ್ಕೆ ರೊಕ್ಕವೂ ಇಲ್ಲ.

ನನ್ನ ಸಲಹೆ: ನೀವೊಬ್ಬರೇ ಸೇರಿ, 12 ಡಾಲರ್ ಸಾಕು. ದೇಣಿಗೆ ಈ ವರ್ಷ ಬಿಡಿ. ಮುಂದೆ ಕೊಡಬೇಕು ಅನಿಸಿದರೆ ಮನೆಯವರ ಕಂಪನಿ ಸಮಪಾಲು ಹಾಕುತ್ತದಾ ಅಂತ ಮೊದಲು ಕೇಳಿ. ಎಷ್ಟೋ ಕಂಪನಿಗಳು ನೀವು 25 ಕೊಟ್ಟರೆ ತಾವೂ 25 ಸೇರಿಸುತ್ತವೆ.

ವಿಜಯಪುರದವರು, ಇಂಗ್ಲೆಂಡ್

ನಮ್ಮಲ್ಲಿ ಈ ತಾಪತ್ರಯ ಇಲ್ಲ. ಮಗು ಶಾಲೆಗೆ ಸೇರಿತು ಅಂದರೆ ತಂದೆ ತಾಯಿ ತಾನಾಗಿಯೇ ಪಿಟಿಎ ಸದಸ್ಯರು. ನಮ್ಮ ಶಾಲೆಯಲ್ಲಿ ಫೀ ಅಂತ ಏನೂ ಇಲ್ಲ. ಬೇಸಿಗೆಯಲ್ಲಿ ಮೇಳ, ಕೇಕ್ ಮಾರಾಟ, ಹಳೆ ಯೂನಿಫಾರ್ಮ್ ಮಾರಾಟ, ಇದರಿಂದ ಹಣ ಕೂಡಿಸುತ್ತಾರೆ.

ಆದರೆ ನಾನು ಒಂದಕ್ಕೂ ಹೋಗಲಿಲ್ಲ. ಅಪ್ಪ ಗಾಂಧಿ ಚೌಕದ ಅಂಗಡಿ ಬಿಟ್ಟು ಒಂದು ದಿನವೂ ನನ್ನ ಶಾಲೆಗೆ ಬಂದಿರಲಿಲ್ಲ. ರಿಸಲ್ಟ್ ದಿನ ಕೂಡ ಕಾಕಾ ಬರುತ್ತಿದ್ದರು. ನನಗೆ ಮಕ್ಕಳಾದರೆ ಹಾಗೆ ಮಾಡಬಾರದು ಅಂದುಕೊಂಡಿದ್ದೆ. ಇಲ್ಲಿ ಬಂದು ನೈಟ್ ಶಿಫ್ಟ್ ಹಿಡಿದೆ, ಹಾಗೇ ಆಯಿತು. ಮಗಳು ಈಗ ಕಾಲೇಜಿಗೆ ಹೋಗಿದ್ದಾಳೆ. ಆ ಶಾಲೆಯ ಒಳಗೆ ಸಭಾಂಗಣ ಹೇಗಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಹೋಗಿ ತಂಗಿ, ಅಷ್ಟೇ ಹೇಳುತ್ತೇನೆ.

ಬಾಗಲಕೋಟೆಯವರು, ಹ್ಯೂಸ್ಟನ್

ನಾನು ನೇರವಾಗಿ ಹೇಳುತ್ತೇನೆ, ಯಾರೂ ಬೇಜಾರಾಗಬೇಡಿ. ಒಂದು ಡಾಲರ್ ಕೂಡ ಕೊಡಬೇಡಿ. ಇಲ್ಲಿ ಬಂದು 22 ವರ್ಷ ಆಯಿತು. ಪಿಟಿಎ, ಬೂಸ್ಟರ್ ಕ್ಲಬ್ (ಆಟ, ಬ್ಯಾಂಡಿಗೆ ಹಣ ಕೂಡಿಸುವ ಪೋಷಕರ ಗುಂಪು), ಬ್ಯಾಂಡಿನ ಫೀ, ಕುಕ್ಕಿ ಮಾರಾಟ, ಎಲ್ಲದಕ್ಕೂ ಕೊಟ್ಟೆ. ಎಲ್ಲದರಲ್ಲೂ ನಿಂತೆ. ಯಾಕೆ? ಮಗ ಅವರಲ್ಲಿ ಒಬ್ಬನಾಗಲಿ ಅಂತ. ಆದ. ಪೂರ್ತಿ ಆದ. ಈಗ ಅಜ್ಜಿಯ ಫೋನ್ ಬಂದರೆ "ಹಲೋ ಅಜ್ಜಿ, ಊಟ ಆಯ್ತಾ" ಅಂತಾನೆ, ಮುಂದೆ ಮಾತಿಲ್ಲ. ನನ್ನ ಕೈಗೆ ಫೋನ್ ಕೊಡುತ್ತಾನೆ. ಅವ್ವ ಆ ಕಡೆ ಸುಮ್ಮನೆ ಕೂತಿರುತ್ತಾಳೆ.

ಹಳೇ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಅಪ್ಪ ನವನಗರದಲ್ಲಿ ಹೊಸ ಮನೆ ಕಟ್ಟಿಸಿದರು. ನಾನು ಆಡಿದ ಓಣಿಯನ್ನು ಮಗನಿಗೆ ತೋರಿಸುತ್ತೇನೆ ಅಂದರೆ ಅಲ್ಲಿ ನೀರು. ಉಳಿದಿದ್ದು ಮಾತೊಂದೇ ಇತ್ತು. ಅದನ್ನೂ ನಾನು ಕೊಡಲಿಲ್ಲ. ಆ ಶನಿವಾರಗಳನ್ನೆಲ್ಲ ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಕಾರು ತೊಳೆದು ದೇಣಿಗೆ ಎತ್ತುವುದಕ್ಕೆ ಕಳೆದೆ.

ಆ 324 ಡಾಲರ್ ತೆಗೆದುಕೊಂಡು ಮಕ್ಕಳನ್ನು ವಾರದ ಕನ್ನಡ ತರಗತಿಗೆ ಹಾಕಿ. ಇವತ್ತೇ ಹಾಕಿ. ದೊಡ್ಡವರಾದಷ್ಟೂ ನಾಲಿಗೆ ಬಗ್ಗುವುದು ಕಷ್ಟ.

ಗೋಕಾಕದವರು, ಸಿಯಾಟಲ್

ಅಣ್ಣ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಅವರು ಕೇಳಿದ್ದು 12 ಡಾಲರ್ ಬಗ್ಗೆ. ಕನ್ನಡ ತರಗತಿಯೂ ಹೋಗಲಿ, ಪಿಟಿಎನೂ ಸೇರಲಿ, ಎರಡಕ್ಕೂ ಜಗಳ ಏನಿದೆ?

ನಾನು ಎರಡು ವರ್ಷ ನಮ್ಮ ಶಾಲೆಯ ಪಿಟಿಎ ಖಜಾಂಚಿ ಆಗಿದ್ದೆ. ಗೋಕಾಕದ ಕನ್ನಡ ಮಾಧ್ಯಮದಲ್ಲಿ ಓದಿದವಳು ಆ ಮೇಜಿನ ಹಿಂದೆ ಕೂತು ಬಜೆಟ್ ಓದಿದೆ. ನನಗೆ ಅದರ ಹೆಮ್ಮೆ ಇದೆ. ಪ್ರವಾಸದ ಬಸ್ಸಿನ ಬಾಡಿಗೆ, ಲೈಬ್ರರಿ ಪುಸ್ತಕ, ಚಿತ್ರಕಲೆಯ ಸಾಮಾನು, ಟೀಚರುಗಳು ಸ್ವಂತ ಕೈಯಿಂದ ಕೊಳ್ಳುತ್ತಿದ್ದ ಬಣ್ಣ, ಗೋಂದು, ಕಾಗದ. ಹಣ ಅದಕ್ಕೇ ಹೋಗುತ್ತದೆ. ಬಜೆಟನ್ನು ಸಭೆಯಲ್ಲಿ ಮತಕ್ಕೆ ಇಡುತ್ತಾರೆ. ಸದಸ್ಯರಿಗೆ ಮಾತ್ರ ಮತ. 12 ಡಾಲರಿಗೆ ನಿಮಗೆ ಸಿಗುವುದು ಅದು. ಪಿಟಿಎಯನ್ನು 1897ರಲ್ಲಿ ವಾಷಿಂಗ್ಟನ್ ಡಿಸಿಯಲ್ಲಿ ಶುರು ಮಾಡಿದ್ದೂ ಇಬ್ಬರು ಹೆಂಗಸರು. ಆಗ ಅದರ ಹೆಸರಿನಲ್ಲೇ ತಾಯಂದಿರು ಅಂತ ಇತ್ತು.

ಚಾರ್ಟಿನ ವಿಷಯ ಸರಿಯಲ್ಲ. ನಮ್ಮಲ್ಲೂ ಇತ್ತು, ನಾನು ಜಗಳ ಮಾಡಿ ತೆಗೆಸಿದೆ. ಕೈಯಲ್ಲಿ ರೊಕ್ಕ ಇಲ್ಲದ ಮನೆಯ ಮಗು ದಿನಾ ಆ ಬಾಗಿಲು ದಾಟಬೇಕಲ್ವಾ? ಪಿಟಿಎದವರಿಗೆ ಒಂದು ಇಮೇಲ್ ಹಾಕಿ, ಕಷ್ಟ ಇದೆ ಅಂತ ಹೇಳಿ. ಕೆಲವು ಕಡೆ ಯಾರೋ ಹೆಚ್ಚಿಗೆ ಕೊಟ್ಟ ಹಣದಲ್ಲಿ ನಿಮ್ಮನ್ನು ಸೇರಿಸಿಕೊಳ್ಳುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ.

ಬಾಗಲಕೋಟೆಯವರು, ಹ್ಯೂಸ್ಟನ್

ತಂಗಿ, ಎರಡನ್ನೂ ಮಾಡಬಹುದು ಅಂತ ನಾನೂ ಅಂದುಕೊಂಡಿದ್ದೆ. ಶನಿವಾರ ಒಂದೇ ಇರುತ್ತದೆ. ಅದು ಯಾರಿಗೆ ಹೋಗುತ್ತದೆ ಅನ್ನುವುದೇ ಪ್ರಶ್ನೆ. ನೀವು ಮನೆಯಲ್ಲಿ ಮಕ್ಕಳ ಜೊತೆ ಯಾವ ಭಾಷೆ ಮಾತಾಡುತ್ತೀರಿ, ನಿಜ ಹೇಳಿ?

ಗೋಕಾಕದವರು, ಸಿಯಾಟಲ್

ಕನ್ನಡವೇ ಅಣ್ಣ. ಮಗಳು ಓದುವುದಿಲ್ಲ, ಬರೆಯುವುದಿಲ್ಲ, ಆದರೆ ಮಾತಾಡುತ್ತಾಳೆ. ಅಜ್ಜಿಯ ಹತ್ತಿರ ಕರದಂಟು ಕಳಿಸು ಅಂತ ಕೇಳುವಷ್ಟು ಬರುತ್ತದೆ.

ಅಥಣಿಯ ನಿವೃತ್ತ ಮಾಸ್ತರರು, ಈಗ ಬೆಳಗಾವಿಯಲ್ಲಿ, ಮಗಳು ಟೊರಾಂಟೋದಲ್ಲಿ

ನನ್ನನ್ನು ಈ ಗುಂಪಿಗೆ ಸೇರಿಸಿದ್ದು ಮಗಳು. ಇದನ್ನೆಲ್ಲ ಓದುತ್ತಾ ಇದ್ದೆ, ಸುಮ್ಮನಿರಲು ಆಗಲಿಲ್ಲ.

ಶಾಲೆಗೆ ಕೊಡುವುದು ನಮ್ಮ ಕಡೆಗೆ ಹೊಸದಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಶಿಕ್ಷಣ ಸಂಸ್ಥೆ ಶುರು ಮಾಡಿದ ಏಳು ಜನರನ್ನು ನಾವು ಇವತ್ತಿಗೂ ಸಪ್ತರ್ಷಿಗಳು ಅನ್ನುತ್ತೇವೆ. ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆ ಬಿಟ್ಟು ಹೋದರು. ನೀವು ಹುಟ್ಟಿದ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಗಳಲ್ಲಿ ಎಷ್ಟೋ ಶಾಲೆಗಳು ನಿಂತಿದ್ದು ಜನ ಕೊಟ್ಟದ್ದರಿಂದ. ಕೊಡುವುದರಲ್ಲಿ ನಾಚಿಕೆ ಇಲ್ಲ, ಕೊಡಲಾಗದಿದ್ದರೂ ನಾಚಿಕೆ ಇಲ್ಲ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ, 2001ರಿಂದ. ಅದಕ್ಕೆ ಸೇರಲು ಫೀ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಶಾಲೆಯ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು ಅಂತ ಆಯಿತು. ಆದರೆ ಕಬ್ಬು ಕಡಿಯುವ ದಿನಗಳಲ್ಲಿ ಹಗಲು ಸಭೆ ಕರೆದರೆ ತಾಯಂದಿರಿಗೆ ಆ ದಿನದ ಕೂಲಿ ಹೋಗುತ್ತಿತ್ತು. ನಾನು ಹೆಡ್‌ಮಾಸ್ತರ್ ಆಗಿದ್ದಾಗ ಸಭೆಯನ್ನು ಸಂಜೆ ಏಳಕ್ಕೆ ಇಟ್ಟೆ. ಸೀರೆಯ ಮೇಲೆ ಕಬ್ಬಿನ ಧೂಳು ಹಾಗೇ ಇರುತ್ತಿತ್ತು, ಬಂದು ಕೂರುತ್ತಿದ್ದರು. ಕುಡಿಯುವ ನೀರಿನ ಟಾಕಿ ಆಗಿದ್ದು ಅವರು ಕೇಳಿದ್ದಕ್ಕೆ.

ಖಾನಾಪುರದವರು, ಮೆಲ್ಬೋರ್ನ್‌ನಿಂದ ವಾಪಸ್ ಬೆಳಗಾವಿಗೆ

ಮಾಸ್ತರರೇ, ಅದು ಸರ್ಕಾರಿ ಶಾಲೆಯ ಮಾತು. ನಾವು ಹೋದ ವರ್ಷ ವಾಪಸ್ ಬಂದೆವು. ಇಲ್ಲಿ ಮಗನನ್ನು ಹಾಕಿದ ಖಾಸಗಿ ಶಾಲೆಯ ರಸೀದಿಯಲ್ಲಿ ಪೋಷಕರ ಸಂಘ ಅಂತ ಒಂದು ಸಾಲು ಇತ್ತು, ಹಣ ಆಗಲೇ ಹಿಡಿದಿದ್ದರು. ನನ್ನನ್ನು ಯಾರೂ ಕೇಳಲೂ ಇಲ್ಲ. ಇಡೀ ವರ್ಷ ಒಂದೇ ಸಭೆ. ಅದರಲ್ಲಿ ಮೇಲಿನವರು ಮಾತಾಡಿದರು, ನಾವು ಕೇಳಿ ಬಂದೆವು. ಡಲ್ಲಾಸಿನ ತಂಗಿಗೆ ಹಾಳೆ ಕಳಿಸಿ ಕೇಳುತ್ತಿದ್ದಾರೆ, ಬೇಡ ಅನ್ನುವ ಅವಕಾಶ ಕೊಟ್ಟಿದ್ದಾರೆ. ಅದು ದೊಡ್ಡದು.

ಮುಧೋಳದವರು, ಚಿಕಾಗೋ

ನಮ್ಮದು ಕೂಡ ಹ್ಯೂಸ್ಟನ್ ಅಣ್ಣನ ಕತೆಯೇ. ಕನ್ನಡ ತರಗತಿ ಆನ್‌ಲೈನ್ ಇದೆಯಾ? ಯಾರಾದರೂ ಮಾಹಿತಿ ಹಾಕಿ.

ಸವದತ್ತಿಯವರು, ಫೀನಿಕ್ಸ್

ನಮಗೂ ಬೇಕು. ಏಳು ವರ್ಷದ ಮಗುವಿಗೆ ತಡವಾಯಿತಾ?

ಬಾಗಲಕೋಟೆಯವರು, ಹ್ಯೂಸ್ಟನ್

ತಡವಾಗಿಲ್ಲ, ಆದರೆ ನಾಳೆಗೆ ಬಿಡಬೇಡಿ. ನಾನು ಇವತ್ತು ರಾತ್ರಿ ಎಲ್ಲರಿಗೂ ಫೋನ್ ಮಾಡುತ್ತೇನೆ. ಹತ್ತು ಮಕ್ಕಳು ಕೂಡಿದರೆ ನಾನೇ ಕಲಿಸುತ್ತೇನೆ. ಒಂದು ಪೈಸೆ ಬೇಡ.

ಬೆಳಗಾವಿ ತಿಳಕವಾಡಿಯವರು, ಡಲ್ಲಾಸ್ ಹತ್ತಿರ

ಎಲ್ಲರಿಗೂ ಧನ್ಯವಾದ. ಹ್ಯೂಸ್ಟನ್ ಅಣ್ಣ, ನನ್ನ ಮಕ್ಕಳಿಬ್ಬರ ಹೆಸರನ್ನೂ ಬರೆದುಕೊಳ್ಳಿ. ಆದರೆ ನನ್ನ ಮೂರನೇ ಪ್ರಶ್ನೆ ಹಾಗೇ ಉಳಿಯಿತು. ನಾನೊಬ್ಬಳೇ ಸೇರಿದರೆ ಎರಡೂ ಕ್ಲಾಸಿನ ಚಾರ್ಟಿಗೆ ನಕ್ಷತ್ರ ಬರುತ್ತದಾ? ಮಗ ಇವತ್ತೂ ಕೇಳಿದ.

ಗೋಕಾಕದವರು, ಸಿಯಾಟಲ್

ಅಯ್ಯೋ, ಅದನ್ನು ಮರೆತೇ ಬಿಟ್ಟೆ. ಫಾರ್ಮಿನಲ್ಲಿ ಮಕ್ಕಳ ಹೆಸರು ಮತ್ತು ಟೀಚರ ಹೆಸರು ಬರೆಯುವ ಜಾಗ ಇರುತ್ತದೆ. ಅಲ್ಲಿ ಇಬ್ಬರದೂ ಬರೆಯಿರಿ. ನಮ್ಮಲ್ಲಿ ಒಂದು ಸದಸ್ಯತ್ವವನ್ನು ಎರಡೂ ಕ್ಲಾಸಿಗೆ ಲೆಕ್ಕ ಹಿಡಿಯುತ್ತಿದ್ದೆವು. ನಿಮ್ಮ ಶಾಲೆಯಲ್ಲಿ ಬೇರೆ ನಿಯಮ ಇರಬಹುದು, ಆಫೀಸಿನಲ್ಲಿ ಒಂದು ಮಾತು ಕೇಳಿ.

ಬೆಳಗಾವಿ ತಿಳಕವಾಡಿಯವರು, ಡಲ್ಲಾಸ್ ಹತ್ತಿರ

ಕೇಳಿ ಬಂದೆ. ನಡೆಯುತ್ತದಂತೆ. 12 ಡಾಲರ್ ಕಟ್ಟಿದೆ. 150ರ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಮುಂದಿನ ವಾರ ಪುಸ್ತಕ ಮೇಳದಲ್ಲಿ ಎರಡು ತಾಸು ನಿಲ್ಲಲು ಹೆಸರು ಕೊಟ್ಟೆ. ಅದಕ್ಕೆ ಪಾಸ್‌ಪೋರ್ಟ್ ನೋಡಿ ಒಂದು ಅರ್ಜಿ ತುಂಬಿಸಿಕೊಂಡರು. ಅಲ್ಲಿರುವವರಿಗೆ ಕೊಡಲು ಮನೆಯಲ್ಲಿ ಕುಂದಾ ಮಾಡಿ ಒಯ್ಯಬಹುದಾ? ಗೋಡಂಬಿ ಹಾಕುವುದಿಲ್ಲ.

ಇಳಕಲ್‌ನವರು, ನ್ಯೂಜೆರ್ಸಿ

ಮೊದಲು ಕೇಳಿ ಒಯ್ಯಿರಿ. ನಮ್ಮ ಶಾಲೆಯಲ್ಲಿ ಅಂಗಡಿಯಿಂದ ತಂದ, ಮೇಲೆ ಏನೇನು ಹಾಕಿದ್ದಾರೆ ಅಂತ ಬರೆದಿರುವ ಪೊಟ್ಟಣ ಮಾತ್ರ ಒಳಗೆ ಬಿಡುತ್ತಾರೆ. ಕೆಲವು ಮಕ್ಕಳಿಗೆ ಹಾಲೂ ಆಗುವುದಿಲ್ಲ.